1928ರ ಪ್ಲೇಟು, 1963ರ ಅಜ್ಜ: ಅಕೂಸ್ಟಿಕ್ ಬ್ಲೂಸ್ ಮತ್ತೆ ಬಂದ ಕತೆ

ಬೆರಳಾಟ (ಮೈಸೂರು)

ಎಲ್ಲರಿಗೂ ನಮಸ್ಕಾರ. ಗಿಟಾರ್ ಹಿಡಿದು ಒಂದೂವರೆ ವರ್ಷ ಆಯ್ತು. ಸಿನಿಮಾ ಹಾಡುಗಳಿಗೆ ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗೊಂಚಲು) ಹಾಕಿಕೊಂಡು ಆರಾಮಾಗಿದ್ದೆ. ಹೋದ ತಿಂಗಳು ಒಂದು ರಾತ್ರಿ ಯೂಟ್ಯೂಬ್ ತಾನಾಗಿಯೇ ಒಂದು ಕಪ್ಪುಬಿಳುಪು ವಿಡಿಯೋ ಹಾಕಿತು. ತಲೆ ಮೇಲೆ ಹ್ಯಾಟು, ಮುಖ ತುಂಬಾ ಸುಕ್ಕು, ತುಟಿಯಲ್ಲಿ ಅರ್ಧ ನಗು. ಕೈ ಅಲ್ಲಾಡಿದ್ದೇ ಕಾಣಲ್ಲ, ಆದರೆ ಎರಡು ಗಿಟಾರ್ ನುಡಿದ ಹಾಗೆ ಕೇಳುತ್ತದೆ. ಹೆಸರು ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್. ಅಡುಗೆಮನೆಯಿಂದ ಅಮ್ಮ, "ಯಾರೋ ಅದು, ಮಗು ಮಲಗಿಸ್ತಾ ಇದ್ದಾರಾ?" ಅಂದರು.

ಇದು ಬ್ಲೂಸ್, ಅಮೆರಿಕದ ಕಪ್ಪು ಜನರ ಹಾಡು. ಬ್ಲೂಸ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ಕಿರುಚಾಟ ಅಂದುಕೊಂಡಿದ್ದವನು ನಾನು. ಇದೋ ಕರೆಂಟಿಲ್ಲದ ಅಕೂಸ್ಟಿಕ್ ಗಿಟಾರು. ಈಗ ದಿನಾ ಇದೇ ಕೇಳ್ತಿದ್ದೇನೆ. ಒಂದು ಮಾತ್ರ ತಲೆಗೆ ಹತ್ತಲಿಲ್ಲ. ಈ ಅಜ್ಜನ ರೆಕಾರ್ಡಿಂಗ್ 1928ರದ್ದು ಇದೆ, ಮತ್ತೆ 1963ರ ನಂತರದ್ದು ಇದೆ. ನಡುವೆ ಏನೂ ಇಲ್ಲ. 35 ವರ್ಷ ಎಲ್ಲಿ ಹೋಗಿದ್ದರು? ಹೊಸಬ ಯಾವುದರಿಂದ ಶುರು ಮಾಡಬೇಕು?

ಹಳೇಪ್ಲೇಟು (ಬೆಂಗಳೂರು)

ಎಲ್ಲಿಗೂ ಹೋಗಿರಲಿಲ್ಲ ಮರಿ, ಅವರ ಊರಲ್ಲೇ ಇದ್ದರು. ದನ ನೋಡಿಕೊಳ್ಳುತ್ತಾ ಇದ್ದರು.

ಕತೆ ಚೆನ್ನಾಗಿದೆ, ಪೂರ್ತಿ ಹೇಳ್ತೀನಿ. ಮಿಸ್ಸಿಸ್ಸಿಪ್ಪಿ ರಾಜ್ಯದಲ್ಲಿ ಅವಲಾನ್ ಅಂತ ಒಂದು ಪುಟ್ಟ ಊರು. ಅಲ್ಲಿ ಪಿಟೀಲು ನುಡಿಸುತ್ತಿದ್ದ ಬಿಳಿಯ ನೆರೆಯವನೊಬ್ಬ ಓಕೆ ಅನ್ನೋ ರೆಕಾರ್ಡ್ ಕಂಪನಿಗೆ ಹರ್ಟ್ ಹೆಸರು ಹೇಳಿದ. 1928ರ ಫೆಬ್ರವರಿಯಲ್ಲಿ ಮೆಂಫಿಸ್‌ನಲ್ಲಿ, ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹಾಡಿಸಿದರು. ನ್ಯೂಯಾರ್ಕ್‌ನ ಚಳಿಯಲ್ಲಿ ಮನೆ ನೆನಪಾಗಿರಬೇಕು, ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು, ಸದಾ ಅದೇ ಧ್ಯಾನ ಅಂತ ಹಾಡಿಬಿಟ್ಟರು. ಆ ಗ್ರಾಮಫೋನ್ ಪ್ಲೇಟು ಅಷ್ಟೇನೂ ಮಾರಾಟವಾಗಲಿಲ್ಲ. ಮರುವರ್ಷ ಷೇರುಪೇಟೆ ಕುಸಿಯಿತು, ರೆಕಾರ್ಡ್ ವ್ಯಾಪಾರವೂ ನೆಲ ಕಚ್ಚಿತು. ಇವರು ಮತ್ತೆ ಹೊಲದ ಕೆಲಸಕ್ಕೆ ಹೋದರು.

1952ರಲ್ಲಿ ಹ್ಯಾರಿ ಸ್ಮಿತ್ ಅನ್ನೋ ಒಬ್ಬ ವಿಚಿತ್ರ ಸಂಗ್ರಾಹಕ ತನ್ನ ಹಳೇ ಪ್ಲೇಟುಗಳಿಂದ 84 ಹಾಡು ಆರಿಸಿ ಫೋಕ್‌ವೇಸ್ ಕಂಪನಿಯಿಂದ ಎಲ್‌ಪಿ (ಹಲವು ಹಾಡು ಹಿಡಿಸೋ ದೊಡ್ಡ ಪ್ಲೇಟು) ಹೊರತಂದ. ಅದರಲ್ಲಿ ಹರ್ಟ್ ಅವರದ್ದು ಎರಡು. ಕೇಳಿದ ಹುಡುಗರೆಲ್ಲ ಈತ ಸತ್ತು ಎಷ್ಟೋ ಕಾಲವಾಗಿದೆ ಅಂದುಕೊಂಡರು. ವಾಷಿಂಗ್ಟನ್ ಕಡೆಯ ಟಾಮ್ ಹಾಸ್ಕಿನ್ಸ್ ಮತ್ತು ಸ್ನೇಹಿತರು ಮಾತ್ರ ಆ ಹಾಡಿನಲ್ಲಿದ್ದ ಊರಿನ ಹೆಸರು ಹಿಡಿದರು. ಹೊಸ ನಕ್ಷೆಯಲ್ಲಿ ಅವಲಾನ್ ಇಲ್ಲ. 1878ರ ಒಂದು ಅಟ್ಲಾಸ್‌ನಲ್ಲಿ ಗ್ರೀನ್‌ವುಡ್ ಮತ್ತು ಗ್ರೆನಾಡಾ ನಡುವೆ ಒಂದು ಚುಕ್ಕೆ ಸಿಕ್ಕಿತು.

1963ರ ಮಾರ್ಚ್‌ನಲ್ಲಿ ಹಾಸ್ಕಿನ್ಸ್ ಅಲ್ಲಿಗೆ ಹೋಗಿ ಅಂಗಡಿಯಲ್ಲಿ ವಿಚಾರಿಸಿದ. ಮುಂದೆ ಹೋಗಿ, ಗುಡ್ಡದ ಮೇಲೆ ಮೂರನೇ ಟಪಾಲು ಡಬ್ಬಿ ಅಂದರು. ಅಷ್ಟೇ! 35 ವರ್ಷದ ರಹಸ್ಯ ಅಂಗಡಿಯವರಿಗೆ ಮನೆ ಗುರುತು. ಬಿಳಿ ಹುಡುಗನೊಬ್ಬ ತನ್ನನ್ನೇ ಕೇಳಿಕೊಂಡು ಬಂದಿದ್ದು ನೋಡಿ ಹರ್ಟ್‌ಗೆ ಭಯ. ಪೊಲೀಸೋ ಎಫ್‌ಬಿಐನೋ ಇರಬೇಕು ಅಂತ. ಮನೆಯಲ್ಲಿ ಗಿಟಾರೂ ಇರಲಿಲ್ಲ. ಹಾಸ್ಕಿನ್ಸ್ ತನ್ನದನ್ನೇ ಕೊಟ್ಟ. ಬೆರಳು ಸ್ವಲ್ಪ ಜಡ್ಡುಗಟ್ಟಿತ್ತು, ಆದರೆ ಮರೆತಿರಲಿಲ್ಲ. ಆ ಜುಲೈನಲ್ಲಿ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್ (ಜಾನಪದ ಸಂಗೀತದ ಉತ್ಸವ) ವೇದಿಕೆ. 1966ರ ನವೆಂಬರ್‌ನಲ್ಲಿ ತೀರಿಕೊಂಡರು. ಕೈಗೆ ಸಿಕ್ಕಿದ್ದು ಮೂರೂವರೆ ವರ್ಷ.

ಶುರು ಮಾಡೋದು 1928ರದ್ದರಿಂದ. ಗರಗರ ಸದ್ದಿಗೆ ಹೆದರಬೇಡ. ಎರಡು ದಿನ ಕೇಳಿದರೆ ಮಳೆ ಸದ್ದಿನ ಹಾಗೆ ಹಿಂದೆ ಸರಿದುಬಿಡುತ್ತೆ.

ಮೂರನೇಬೆಂಚು (ಹಾಸನ)

ಮೂರನೇ ಟಪಾಲು ಡಬ್ಬಿ! ಇವತ್ತಿಗೆ ಇಷ್ಟು ಸಾಕು ನನಗೆ.

ಹಿಮದೂರು (ಮಿಷಿಗನ್)

ಹಳೇಪ್ಲೇಟು ಸಾರ್, ಇದೇ ಥರ ಮತ್ತೆ ಸಿಕ್ಕ ಇನ್ನೊಬ್ಬ ಬ್ಲೂಸ್ ಗಾಯಕ ಸನ್ ಹೌಸ್ ಕತೆ ನನಗೆ ಬಿಡಿ. ಕೆಲಸದ ಮೇಲೆ ರಾಚೆಸ್ಟರ್‌ನಲ್ಲಿ ನಾಲ್ಕು ವರ್ಷ ಇದ್ದೆ. ಕಾರ್ನ್ ಹಿಲ್ ಅಂತ ಒಂದು ಬಡಾವಣೆ. ಅಲ್ಲಿ ಸನ್ ಹೌಸ್ ನೆನಪಿಗೆ ಒಂದು ಫಲಕ ಇದೆ. ನಾನು ದಿನಾ ಆ ಕಡೆಯಿಂದಲೇ ಓಡಾಡುತ್ತಿದ್ದೆ, ಎರಡು ವರ್ಷ ಓದಿರಲೇ ಇಲ್ಲ!

1964ರ ಜೂನ್. ಡಿಕ್ ವಾಟರ್‌ಮನ್, ನಿಕ್ ಪರ್ಲ್ಸ್, ಫಿಲ್ ಸ್ಪೈರೋ ಅನ್ನೋ ಮೂವರು ಹುಡುಗರು ಒಂದು ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮಿಸ್ಸಿಸ್ಸಿಪ್ಪಿಗೆ ಹೊರಟರು. 1930ರಲ್ಲಿ ಪ್ಯಾರಮೌಂಟ್ ರೆಕಾರ್ಡ್ ಕಂಪನಿಗೆ ಹಾಡಿದ್ದ ಸನ್ ಹೌಸ್ ಅಲ್ಲೆಲ್ಲೋ ಇರಬಹುದು ಅಂತ. ಊರೂರು ಅಲೆದರು. ಕೊನೆಗೆ ಗೊತ್ತಾಗಿದ್ದೇನು? ಮನುಷ್ಯ 1943ರಿಂದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲೇ ಇದ್ದಾನೆ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಕೆಲಸವನ್ನೂ ಮಾಡಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ಆದರೆ ಇದನ್ನು ಬರೀ ತಮಾಷೆ ಕತೆಯಾಗಿ ಹೇಳೋಕೆ ನನಗೆ ಮನಸ್ಸು ಬರಲ್ಲ. ಆ ಬೇಸಿಗೆಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸೋಕೆ ಉತ್ತರದಿಂದ ವಿದ್ಯಾರ್ಥಿಗಳು ಮಿಸ್ಸಿಸ್ಸಿಪ್ಪಿಗೆ ಬಂದಿದ್ದರು. ಜೂನ್ 21ರಂದು ಅವರ ಜೊತೆಗಿದ್ದ ಚೇನಿ, ಗುಡ್‌ಮನ್, ಶ್ವರ್ನರ್ ಅನ್ನೋ ಮೂವರನ್ನು ಕೊಂದು ಹೂತರು. ಅದೇ ವಾರಗಳಲ್ಲಿ ಪ್ಲೇಟು ಹುಚ್ಚಿನ ಈ ಮೂವರು ಬಿಳಿ ಹುಡುಗರು, ಉತ್ತರದ ಕಾರು, ಕಪ್ಪು ಜನರ ಮನೆ ಬಾಗಿಲು ತಟ್ಟುತ್ತಾ ಓಡಾಡಿದ್ದಾರೆ. ಇವರು ಹಳೇ ಹಾಡು ಹುಡುಕ್ತಾ ಬಂದವರು ಅಂದರೆ ಯಾರು ನಂಬ್ತಾರೆ?

ಸಿಕ್ಕಾಗ ಸನ್ ಹೌಸ್ ಗಿಟಾರ್ ಬಿಟ್ಟು ವರ್ಷಗಳೇ ಆಗಿದ್ದವು. ತಾನೇ ಹಾಡಿದ ಹಾಡು ತನಗೇ ನೆನಪಿಲ್ಲ. ಆಗ ಅಮೆರಿಕದ ಕೇಂಬ್ರಿಡ್ಜ್‌ನ ಆಲನ್ ವಿಲ್ಸನ್ ಅನ್ನೋ ಹುಡುಗ, ಇನ್ನೂ 20–21 ವಯಸ್ಸು, ಮುಂದೆ ಕ್ಯಾನ್ಡ್ ಹೀಟ್ ಅನ್ನೋ ರಾಕ್ ತಂಡ ಕಟ್ಟಿದವನು, ಎದುರು ಕೂತು ನೀವು 1930ರಲ್ಲಿ ಹೀಗೆ ನುಡಿಸಿದ್ದಿರಿ, 1942ರಲ್ಲಿ ಹೀಗೆ ಅಂತ ತೋರಿಸಿಕೊಟ್ಟ. ಪ್ಲೇಟು ಕೇಳಿ ಕಲಿತವನು ಪ್ಲೇಟಿನ ಒಡೆಯನಿಗೇ ಪಾಠ ಹೇಳಿದ. ಮರುವರ್ಷ ಕೊಲಂಬಿಯಾ ಕಂಪನಿಗೆ ಮಾಡಿದ ರೆಕಾರ್ಡಿಂಗ್ ಕೇಳಿ. ಗಿಟಾರ್ ಇಲ್ಲದೆ ಬರೀ ಚಪ್ಪಾಳೆ ತಟ್ಟಿಕೊಂಡು ಹಾಡಿದ್ದೊಂದಿದೆ. ನನಗೆ ಮೈ ಜುಂ ಅಂದಿತ್ತು.

ಕೋಳಿಕೂಗು (ಶಿವಮೊಗ್ಗ)

ಕತೆಗಳೆಲ್ಲ ಸೊಗಸು. ಆದರೆ "ಸಿಕ್ಕಿದರು" ಅನ್ನೋ ಮಾತಿಗೆ ನನ್ನದೊಂದು ತಕರಾರು.

ಯಾರಿಗೆ ಸಿಕ್ಕಿದರು? ಅವಲಾನ್‌ನ ಅಂಗಡಿಯವರಿಗೆ ಗೊತ್ತಿತ್ತು. ರಾಚೆಸ್ಟರ್‌ನಲ್ಲಿ ಪಕ್ಕದ ಮನೆಯವರಿಗೆ ಗೊತ್ತಿತ್ತು. ಕಳೆದುಕೊಂಡಿದ್ದವರು ಪ್ಲೇಟು ಸಂಗ್ರಹಿಸುತ್ತಿದ್ದ ಬಿಳಿ ಹುಡುಗರು ಮಾತ್ರ. ಅದೂ ಹೋಗಲಿ. ಆ ಕಾಲದ ಕಪ್ಪು ಜನ ನಿಜವಾಗಿ ಕೊಂಡು ಕೇಳಿದ್ದು ಏನು? 1920ರಲ್ಲಿ ಮಾಮೀ ಸ್ಮಿತ್ ಅನ್ನೋ ಗಾಯಕಿಯ ಪ್ಲೇಟು ಬಂದ ಮೇಲೆ ತಾನೇ ಕಂಪನಿಗಳಿಗೆ ಈ ವ್ಯಾಪಾರದ ರುಚಿ ಹತ್ತಿದ್ದು? ಆಮೇಲೆ ಬೆಸ್ಸಿ ಸ್ಮಿತ್. ಆಮೇಲೆ ಪಿಯಾನೋ ನುಡಿಸುತ್ತಿದ್ದ ಲೆರಾಯ್ ಕಾರ್. ಪೇಟೆಯ ಜನ, ಒಳ್ಳೆ ಬಟ್ಟೆ, ಜೊತೆಗೆ ಬ್ಯಾಂಡು. ಮಿಸ್ಸಿಸ್ಸಿಪ್ಪಿ ಹಳ್ಳಿಯ ಗಾಯಕ ಸ್ಕಿಪ್ ಜೇಮ್ಸ್ ಪ್ಲೇಟು ಎಷ್ಟು ಜನ ಕೊಂಡರು? ಕೊಳ್ಳದೇ ಇದ್ದಿದ್ದಕ್ಕೇ ಅಪರೂಪ ಆಯ್ತು, ಅಪರೂಪ ಆಗಿದ್ದಕ್ಕೇ ಸಂಗ್ರಾಹಕರಿಗೆ ಚಿನ್ನ ಆಯ್ತು. ಯಾರೂ ಕೇಳದೇ ಇದ್ದಿದ್ದನ್ನೇ ಅಸಲಿ ಬ್ಲೂಸ್ ಅಂತ ನಮ್ಮ ಕೈಗೆ ಕೊಟ್ಟಿದ್ದಾರೆ.

ಶಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಪಾಡು ನೋಡಿ. 1958ರಲ್ಲಿ ಇಂಗ್ಲೆಂಡಿಗೆ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಹೋದ, ಸದ್ದು ಜಾಸ್ತಿ ಅಂತ ಮುಖ ಸಿಂಡರಿಸಿದರು. 1963ರಲ್ಲಿ ಅಕೂಸ್ಟಿಕ್ ತಗೊಂಡು ಹೋದ. ಅಷ್ಟರಲ್ಲಿ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು! ಇತ್ತ ಅಮೆರಿಕದಲ್ಲಿ ಫೋಕ್ ಗಾಳಿ ನೋಡಿ ಚೆಸ್ ಅನ್ನೋ ರೆಕಾರ್ಡ್ ಕಂಪನಿ 1964ರಲ್ಲಿ ಅವನನ್ನೇ ಜಾನಪದ ಗಾಯಕ ಅಂತ ಹೆಸರು ಹಾಕಿ ಎಲ್‌ಪಿ ತಂದಿತು. ಶಿಕಾಗೋದ ಕ್ಲಬ್ಬುಗಳನ್ನು ನಡುಗಿಸಿದವನು ರಾತ್ರೋರಾತ್ರಿ ಹಳ್ಳಿಗ ಆದ.

ಹಳೇಪ್ಲೇಟು (ಬೆಂಗಳೂರು)

ಕೋಳಿಕೂಗು ಸಾರ್, ನಿಮ್ಮ ಮಾತಲ್ಲಿ ಅರ್ಧ ಒಪ್ತೀನಿ. ಹುಡುಕಿದವರ ರುಚಿಯೇ ನಮ್ಮ ರುಚಿ ಆಗಿಬಿಟ್ಟಿದೆ, ನಿಜ. ಆದರೆ ಹುಡುಕದೇ ಇದ್ದಿದ್ದರೆ ಏನು ಉಳೀತಿತ್ತು ಅನ್ನೋದನ್ನೂ ನೋಡಬೇಕಲ್ವಾ?

ಪ್ಯಾರಮೌಂಟ್ ನಡೆಸುತ್ತಿದ್ದವರು ಯಾರು ಗೊತ್ತಾ? ವಿಸ್ಕಾನ್ಸಿನ್ ರಾಜ್ಯದ ಒಂದು ಕುರ್ಚಿ ಕಂಪನಿ. ಗ್ರಾಮಫೋನಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದರು, ಪೆಟ್ಟಿಗೆ ಮಾರೋಕೆ ಪ್ಲೇಟು ಬೇಕಲ್ಲ ಅಂತ ಅದನ್ನೂ ಶುರು ಮಾಡಿದರು. ಸ್ಕಿಪ್ ಜೇಮ್ಸ್ 1931ರ ಫೆಬ್ರವರಿಯಲ್ಲಿ ಗ್ರಾಫ್ಟನ್ ಅನ್ನೋ ಊರಲ್ಲಿ ಇವರಿಗೇ ಹಾಡಿದ್ದು. ಇವತ್ತು ನಮಗೆ ಉಳಿದಿರೋದು 18 ಹಾಡು. 1930ರ ದಶಕದಲ್ಲಿ ಕಂಪನಿ ಬಾಗಿಲು ಮುಚ್ಚಿತು. ಅಚ್ಚಿನ ಲೋಹದ ತಟ್ಟೆಗಳು ಗುಜರಿಗೆ ಹೋದವು. ಕೆಲವನ್ನು ನೌಕರರು ನದಿಗೆ ಎಸೆದರು, ಕೆಲವನ್ನು ಕೋಳಿಗೂಡಿನ ಗೋಡೆಗೆ ಬಡಿದರು ಅಂತ ಕತೆಗಳೂ ಇವೆ. (ಕೋಳಿಕೂಗು ಅವರೇ, ನಿಮ್ಮನ್ನಲ್ಲ ಅಂದಿದ್ದು.) ಅಂದಮೇಲೆ ನಾವು ಇವತ್ತು ಕೇಳ್ತಿರೋದು ಯಾರದೋ ಮನೆ ಅಟ್ಟದಲ್ಲಿ ಉಳಿದ ಸವೆದ ಪ್ಲೇಟಿನಿಂದ. ಕೆಲವಕ್ಕೆ ಒಂದೋ ಎರಡೋ ಪ್ರತಿ ಅಷ್ಟೇ ಇದೆ. 2013ರಲ್ಲಿ ಟಾಮಿ ಜಾನ್ಸನ್ ಅನ್ನೋ ಹಳೇ ಬ್ಲೂಸ್ ಗಾಯಕನ ಒಂದು ಪ್ಲೇಟು ಇಬೇಯಲ್ಲಿ 37,100 ಡಾಲರ್‌ಗೆ ಹೋಯ್ತು.

ಇಲ್ಲಿ ನಮಗೂ ಒಂದು ನಂಟಿದೆ. ಆ ಕಾಲದ ಪ್ಲೇಟು ಪ್ಲಾಸ್ಟಿಕ್ ಅಲ್ಲ, ಅರಗು. ಕಲ್ಲಿನ ಪುಡಿಗೆ ಅರಗು ಬೆರೆಸಿ ಬಿಸಿಯಲ್ಲಿ ಒತ್ತಿ ಮಾಡಿದ್ದು. ಆ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಛೋಟಾನಾಗಪುರದ ಕಾಡುಗಳ ಕಡೆಯಿಂದ. ಮರದ ಕೊಂಬೆಗೆ ಹುಳ ಬಿಟ್ಟ ಅಂಟು. ಮಹಾಯುದ್ಧದಲ್ಲಿ ಅರಗು ಬರೋದು ಕಷ್ಟವಾಗಿ, 1942ರಲ್ಲಿ ಅಮೆರಿಕ ಸರ್ಕಾರ ಪ್ಲೇಟು ಕಂಪನಿಗಳಿಗೆ ಕಡಿತ ಹಾಕಿತು. ಹಳೇ ಪ್ಲೇಟು ತಂದುಕೊಡಿ, ಅರೆದು ಹೊಸದು ಮಾಡ್ತೀವಿ ಅಂತ ಮನೆಮನೆಯಿಂದ ಕೂಡಿಸಿದರು. ಅದರಲ್ಲಿ ಯಾರ್ಯಾರ ದನಿ ಪುಡಿಯಾಯ್ತೋ. ಅರಗಿನ ಮನೆಯಿಂದ ಪಾಂಡವರು ಐದು ಜನ ತಪ್ಪಿಸಿಕೊಂಡ ಹಾಗೆ ಒಂದಿಷ್ಟು ತಪ್ಪಿಸಿಕೊಂಡಿವೆ.

ನನ್ನ ಹತ್ತಿರ ಬ್ಲೂಸ್ ಪ್ಲೇಟು ಒಂದೂ ಇಲ್ಲ, ಇರೋದೆಲ್ಲ ನಾಟಕದ ಹಾಡು. ಆದರೆ ಮುಳ್ಳು ಇಟ್ಟಾಗ ಮೊದಲು ಬರೋ ಆ ಚರಚರ ಸದ್ದು ಎರಡಕ್ಕೂ ಒಂದೇ. ಒಮ್ಮೆ ಮನೆ ಬದಲಾಯಿಸುವಾಗ ಸಾಗಣೆಯವರು ಒಂದು ಪೆಟ್ಟಿಗೆ ಬೀಳಿಸಿ ಹನ್ನೊಂದು ಪ್ಲೇಟು ಒಡೆದರು. ಒಡೆದ ಚೂರಿಗೆ ಬೆಂಕಿ ತೋರಿಸಿದರೆ ಮೊಹರು ಹಾಕೋ ಅರಗಿನ ವಾಸನೆಯೇ ಬಂತು.

ಎಡಗೈಯವಳು (ಧಾರವಾಡ)

ಇಷ್ಟು ಹೊತ್ತು ಅಜ್ಜಂದಿರದ್ದೇ ಆಯ್ತು. ಒಬ್ಬಳಾದರೂ ಅಜ್ಜಿ ಬರಲಿ.

ನಾನು ಎಡಚಿ. ಗಿಟಾರ್ ಕ್ಲಾಸಿಗೆ ಹೋದ ಮೊದಲ ದಿನವೇ ಮೇಷ್ಟ್ರು ಬಲಗೈ ಅಭ್ಯಾಸ ಮಾಡು, ಇಲ್ಲ ಅಂದರೆ ಆಗಲ್ಲ ಅಂದುಬಿಟ್ಟರು. ಮೂರು ತಿಂಗಳು ಒದ್ದಾಡಿ ಬಿಟ್ಟೆ. ಆಮೇಲೆ ಎಲಿಜಬೆತ್ ಕಾಟನ್ ಅನ್ನೋ ಅಜ್ಜಿಯ ವಿಡಿಯೋ ನೋಡಿದೆ. ಬಲಗೈಯವರ ಗಿಟಾರನ್ನೇ ತಂತಿ ಬದಲಾಯಿಸದೆ ತಲೆಕೆಳಗು ಮಾಡಿ ಹಿಡಿದಿದ್ದಾಳೆ. ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಹಾಗಾಗಿ ಎಲ್ಲರೂ ಹೆಬ್ಬೆರಳಲ್ಲಿ ನುಡಿಸೋ ಮಂದ್ರವನ್ನು ಇವಳು ಬೆರಳಲ್ಲಿ, ಎಲ್ಲರೂ ಬೆರಳಲ್ಲಿ ತೆಗೆಯೋ ರಾಗವನ್ನು ಹೆಬ್ಬೆರಳಲ್ಲಿ. ನಾನು ಆವತ್ತೇ ಗಿಟಾರ್ ತಿರುಗಿಸಿ ಹಿಡಿದೆ.

ಹುಟ್ಟಿದ್ದು 1893, ನಾರ್ತ್ ಕ್ಯಾರೊಲೈನಾ. ಹುಡುಗಿಯಾಗಿದ್ದಾಗಲೇ ರೈಲಿನ ಮೇಲೆ ಒಂದು ಹಾಡು ಕಟ್ಟಿದಳು. ಚರ್ಚಿನವರು ಇದೆಲ್ಲ ದೇವರಿಗೆ ಸಲ್ಲದ ಹಾಡು ಅಂದಮೇಲೆ ಗಿಟಾರ್ ಮೂಲೆಗೆ ಹೋಯ್ತು. ವಾಷಿಂಗ್ಟನ್‌ನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ದಾರಿ ತಪ್ಪಿದ ಒಂದು ಮಗುವನ್ನು ತಾಯಿಗೆ ಒಪ್ಪಿಸಿದಳು. ಆ ಮಗು ಮುಂದೆ ಜಾನಪದ ಗಾಯಕಿಯಾದ ಪೆಗ್ಗಿ ಸೀಗರ್. ತಾಯಿ ಇವಳನ್ನು ಮನೆಗೆಲಸಕ್ಕೆ ಕರೆದಳು. ಇಡೀ ಮನೆಯೇ ಸಂಗೀತದ ಮನೆ. ಒಂದು ದಿನ ಗೋಡೆಗೆ ನೇತುಹಾಕಿದ್ದ ಗಿಟಾರ್ ಇಳಿಸಿ ನುಡಿಸಿದಳು. 1958ರಲ್ಲಿ ಮೊದಲ ಎಲ್‌ಪಿ. 1985ರಲ್ಲಿ ಗ್ರ್ಯಾಮಿ ಬಂದಾಗ ವಯಸ್ಸು 92.

ಆ ರೈಲಿನ ಹಾಡು ಇದೆಯಲ್ಲ, ಅದನ್ನು ಇಂಗ್ಲೆಂಡಿನಲ್ಲಿ ಬೇರೆಯವರು ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು. ಕಾಟನ್ ಹೆಸರು ಬರೋಕೆ ಹೋರಾಡಬೇಕಾಯ್ತು. ಈ ಪುನರುಜ್ಜೀವನದ ಲೆಕ್ಕ ಬರೆಯೋವಾಗ ದುಡ್ಡು ಯಾರ ಜೇಬಿಗೆ ಹೋಯ್ತು ಅನ್ನೋ ಪುಟವೂ ಇರಲಿ.

ಹಿಮದೂರು (ಮಿಷಿಗನ್)

ಅಕ್ಕ, ಅದಕ್ಕೆ ಒಂದು ಸೇರಿಸ್ತೀನಿ. ಸ್ಕಿಪ್ ಜೇಮ್ಸ್ ಸಿಕ್ಕಿದ್ದು 1964ರ ಜೂನ್‌ನಲ್ಲೇ, ಮಿಸ್ಸಿಸ್ಸಿಪ್ಪಿಯ ಟ್ಯೂನಿಕಾದ ಆಸ್ಪತ್ರೆಯ ಹಾಸಿಗೆಯಲ್ಲಿ. ಹುಡುಕಿದವರು ಗಿಟಾರ್ ವಾದಕ ಜಾನ್ ಫೇಹಿ ಮತ್ತು ಇಬ್ಬರು ಗೆಳೆಯರು. 1966ರಲ್ಲಿ ಎರಿಕ್ ಕ್ಲಾಪ್ಟನ್ ಇದ್ದ ಇಂಗ್ಲೆಂಡಿನ ರಾಕ್ ತಂಡ ಕ್ರೀಮ್ ಅವನದೊಂದು ಹಾಡು ಹಾಡಿತು. ಆ ರಾಯಲ್ಟಿ ಅವನ ಕೊನೆಗಾಲದ ಕ್ಯಾನ್ಸರ್ ಚಿಕಿತ್ಸೆಗೆ ಒದಗಿತು. 1969ರಲ್ಲಿ ತೀರಿಕೊಂಡ. 1931ರ ಹಾಡಿಗೆ ಕೂಲಿ 35 ವರ್ಷ ತಡವಾಗಿ ಸಿಕ್ಕಿತು ಅನ್ನಿ.

ವಾಟರ್‌ಮನ್ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಹುಡುಕಿ, ಫೋಟೋ ಹೊಡೆದು ಹೋಗಲಿಲ್ಲ ಆತ. ಈ ವಯಸ್ಸಾದವರಿಗೆ ಕಛೇರಿ ಕೊಡಿಸೋಕೆ, ಸರಿಯಾಗಿ ದುಡ್ಡು ಕೊಡಿಸೋಕೆ ಒಂದು ಏಜೆನ್ಸಿಯನ್ನೇ ಶುರು ಮಾಡಿದ. ಅದಕ್ಕಿಟ್ಟ ಹೆಸರು ಅವಲಾನ್.

ಕೋಳಿಕೂಗು (ಶಿವಮೊಗ್ಗ)

ಎಡಗೈಯವರ ಮಾತಿಗೆ ನನ್ನ ವೋಟು. ಅಜ್ಜಿಯರ ವಿಷಯ ಬಂತಲ್ಲ, ಗೀಶೀ ವೈಲಿ ಮತ್ತು ಎಲ್ವೀ ಥಾಮಸ್ ಅನ್ನೋ ಇಬ್ಬರು ಹೆಂಗಸರನ್ನೂ ಕೇಳಿ. 1930ರ ಸುಮಾರಿಗೆ ಅದೇ ಗ್ರಾಫ್ಟನ್‌ನಲ್ಲಿ ಹಾಡಿದವರು. ಒಟ್ಟು ಸಿಕ್ಕಿರೋದೇ ಆರು ಹಾಡು. ಎಲ್ವೀಯನ್ನು 1961ರಲ್ಲೇ ಹ್ಯೂಸ್ಟನ್‌ನಲ್ಲಿ ಒಬ್ಬ ಸಂಶೋಧಕರು ಮಾತನಾಡಿಸಿ ಬರೆದುಕೊಂಡಿದ್ದರು. ಆ ಕಾಗದ ಪೆಟ್ಟಿಗೆಯಲ್ಲೇ ಕೂತಿತ್ತು. ಜಗತ್ತಿಗೆ ಗೊತ್ತಾಗಿದ್ದು 2014ರಲ್ಲಿ, ಪತ್ರಿಕೆಯಲ್ಲಿ ಬಂದ ಮೇಲೆ. ಮೂರನೇ ಟಪಾಲು ಡಬ್ಬಿ ಹುಡುಕಿಕೊಂಡು ಹೋದ ಹುಮ್ಮಸ್ಸು ಇವರ ವಿಷಯದಲ್ಲಿ ಯಾಕೆ ಬರಲಿಲ್ಲ?

ಹಳೇಪ್ಲೇಟು ಸಾರ್, ಅರಗಿನ ಮಾತು ಕೇಳಿದ ಮೇಲೆ ನನ್ನ ತಕರಾರು ಸ್ವಲ್ಪ ಮೆತ್ತಗಾಗಿದೆ. ಪೂರ್ತಿ ಹೋಗಿಲ್ಲ.

ಎಡಗೈಯವಳು (ಧಾರವಾಡ)

ಇನ್ನೊಂದು. ಇದೆಲ್ಲ 60ರ ದಶಕಕ್ಕೇ ಮುಗಿದುಹೋದ ಕತೆ ಅನ್ನೋ ಹಾಗೆ ಮಾತಾಡ್ತಿದ್ದೀವಿ. ಅಲ್ಲ. ಸ್ಕಿಪ್ ಜೇಮ್ಸ್ ಊರು ಬೆಂಟೋನಿಯಾದಲ್ಲಿ ಬ್ಲೂ ಫ್ರಂಟ್ ಕೆಫೆ ಅಂತ ಒಂದು ಚಿಕ್ಕ ಜಾಗ ಇದೆ, 1948ರಲ್ಲಿ ತೆರೆದಿದ್ದು. ಅದನ್ನು ತೆರೆದವರ ಮಗ ಜಿಮ್ಮಿ ಡಕ್ ಹೋಮ್ಸ್. ಸ್ಕಿಪ್ ಜೇಮ್ಸ್ ಜೊತೆಗಾರ ಹೆನ್ರಿ ಸ್ಟಕ್ಕಿಯಿಂದ ಅದೇ ಊರಿನ ಶ್ರುತಿ ಕಲಿತವರು. ಅವರ 2019ರ ಆಲ್ಬಮ್ ಗ್ರ್ಯಾಮಿ ಪಟ್ಟಿಗೂ ಹೋಯ್ತು. ಅವರಿಗೆ ಇದು ಪುನರುಜ್ಜೀವನ ಅಲ್ಲ, ಊರ ಪದ್ಧತಿ.

ಹಾಗೇ 2005ರಲ್ಲಿ ಮೂವರು ಕಪ್ಪು ಯುವಕ ಯುವತಿಯರು ಜೋ ಥಾಮ್ಸನ್ ಅನ್ನೋ ಹಿರಿಯ ಪಿಟೀಲುಗಾರರ ಮನೆಗೆ ಹೋಗಿ ಅವರ ಜೊತೆ ನುಡಿಸುತ್ತಾ ಕಲಿತರು. ಅದೇ ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್ ತಂಡ, ಗಾಯಕಿ ರಿಯಾನನ್ ಗಿಡ್ಡೆನ್ಸ್ ಬಂದಿದ್ದು ಅಲ್ಲಿಂದ. ಅವರದು ಬರೀ ಬ್ಲೂಸ್ ಅಲ್ಲ, ಬ್ಯಾಂಜೋ ಪಿಟೀಲಿನ ಹಳೇ ಕುಣಿತದ ಹಾಡು. ಈ ಸಲ ಬಾಗಿಲು ತಟ್ಟಿದವರು ಮೊಮ್ಮಕ್ಕಳ ವಯಸ್ಸಿನ ಅವರದೇ ಜನ. ಕೋಳಿಕೂಗು ಅವರ ತಕರಾರಿಗೆ ನನಗೆ ಕಾಣೋ ಒಳ್ಳೆ ಉತ್ತರ ಇದು.

ಬೆರಳಾಟ (ಮೈಸೂರು)

ಮೂರು ವಾರ ಈ ಕಡೆ ಬರೋಕಾಗಲಿಲ್ಲ, ಕ್ಷಮಿಸಿ. ಎಲ್ಲಾ ಓದಿದೆ. ಅರಗಿನ ಕತೆ ಅಮ್ಮನಿಗೂ ಓದಿ ಹೇಳಿದೆ.

1928ರದ್ದರಿಂದಲೇ ಶುರು ಮಾಡಿದೆ ಹಳೇಪ್ಲೇಟು ಸಾರ್. ಹೆಬ್ಬೆರಳನ್ನು ಮೊದಲು ಬೇರೆಯಾಗಿ ಪಳಗಿಸಿದೆ. ಸಿ ಕಾರ್ಡ್ ಹಿಡಿದು ಐದನೇ ತಂತಿ, ನಾಲ್ಕು, ಆರು, ಮತ್ತೆ ನಾಲ್ಕು. ಹಾಲು ಕಾಯಿಸುತ್ತಾ, ಬಸ್ಸಿನಲ್ಲಿ ತೊಡೆ ಮೇಲೆ, ಎಲ್ಲಾ ಕಡೆ ಅದೇ. ಎರಡನೇ ವಾರ ಮೇಲಿನ ಬೆರಳು ಸೇರಿಸಿದರೆ ಹೆಬ್ಬೆರಳು ನಿಂತೇ ಹೋಗುತ್ತಿತ್ತು. ಮೊನ್ನೆ ಭಾನುವಾರ ಸುಮ್ನೆ ಕಿಟಕಿ ಹೊರಗೆ ನೋಡುತ್ತಾ ನುಡಿಸುವಾಗ ಎರಡೂ ಜೊತೆಯಾಗಿ ಬಂತು. ಅರ್ಧ ನಿಮಿಷ ಇರಬೇಕು. ಗಮನ ಕೊಟ್ಟ ತಕ್ಷಣ ಮತ್ತೆ ಕೆಟ್ಟಿತು.

ಆಸೆಗೆ ಬಿದ್ದು ಸ್ಕಿಪ್ ಜೇಮ್ಸ್ ಶ್ರುತಿಯೂ ಹಾಕಿದೆ. ಡಿ, ಎ, ಡಿ, ಎಫ್, ಎ, ಡಿ. ಏನೂ ಒತ್ತದೆ ತಂತಿ ಮೀಟಿದರೇ ಸಂಜೆಯಾದ ಹಾಗೆ ಕೇಳುತ್ತೆ. ಅಮ್ಮ ಈ ಸಲ ಮಗು ಮಲಗಿಸ್ತಾರಾ ಅಂತ ಕೇಳಲಿಲ್ಲ, ಏನಾಯ್ತೋ ಅಂತ ಬಂದು ನೋಡಿ ಹೋದರು. ಆದರೆ ಕೆಳಗಿನ ಡಿಗೆ ಇಳಿಸಿದ ಆರನೇ ತಂತಿ ಸಡಿಲವಾಗಿ ಫ್ರೆಟ್‌ಗೆ (ಗಿಟಾರ್ ಕುತ್ತಿಗೆ ಮೇಲಿನ ಲೋಹದ ಪಟ್ಟಿ) ಬಡಿದು ಜರಜರ ಅನ್ನುತ್ತಿದೆ. ಗಿಟಾರ್ ಹಾಳಾಯ್ತಾ?

ಎಡಗೈಯವಳು (ಧಾರವಾಡ)

ಹಾಳಾಗಿಲ್ಲ. ಈಗ ಹಾಕಿರೋದು 11ರ ತಂತಿ ಸೆಟ್ ಇರಬೇಕು, ಅದಕ್ಕಿಂತ ದಪ್ಪದ 13ರದ್ದು ಹಾಕಿ ನೋಡಿ. ಬೆರಳು ಒಂದು ವಾರ ಉರಿಯುತ್ತೆ.

ಮೂರನೇಬೆಂಚು (ಹಾಸನ)

ರೆಕಾರ್ಡ್ ಮಾಡಿ ಇಲ್ಲಿ ಹಾಕಿ ಗುರು. ಜರಜರ ಇದ್ದರೂ ಪರವಾಗಿಲ್ಲ, ನಮಗೆ ಅಭ್ಯಾಸ ಆಗಿದೆ.